ಸೋಲಾಪುರಕ್ಕ ಹೋಗೋ ಬೂಟು

೯ ಜನವರಿ ೧೯೫೨, ಬುಧವಾರ

ಈ ಬುಕ್ಕಿನ ಮುಂದಿನ ಕಡಿಂದ ಎಮ್ಮಿ ಕಾಲಿನ ಸುದ್ದಿ ಬರೀಬೇಕಂತ, ಮುದುಕಿ ಹುಕುಂ. ಹಿಂದಿನ ಕಡಿಂದ ಏನು ಬರೀಬೇಕಂತ ಅಕಿ ಹೇಳಿಲ್ಲ. ಅದಕ ಹಿಂದಿನ ಕಡಿ ನಂದು. ಯಾರರೆ ಓದ್ಯಾರು ಅಂತ ಹೆದರಿಕಿ ಇಲ್ಲ. ಮುದುಕಿಗೆ ಕಣ್ಣಿಲ್ಲ, ಕೆಲಸದ ಸಾಬಮ್ಮಗ ಅಕ್ಷರ ಬರಂಗಿಲ್ಲ, ಎಮ್ಮಿಗೆ ಪುರಸೊತ್ತಿಲ್ಲ.

ಬುಕ್ಕು ಕಳದ್ರ ಸಿಕ್ಕೋರಿಗೆ ಗೊತ್ತಿರಲಿ. ನಾ ಮಾಪಣ್ಣ, ಕಮಲಾಪುರದಾಂವ, ಇಪ್ಪತ್ತು ವರ್ಷ. ಸೋಲಾಪುರದ ಗಿರಣ್ಯಾಗ ಕೆಲಸ ಹಿಡೀಬೇಕಂತ ಮನಿ ಬಿಟ್ಟು ಹೊಂಟೆ, ಕಲಬುರ್ಗಿ ಟೇಶನ್ನಿನ ತನಕ ಬಂದು ಟಿಕೀಟಿನ ರೊಕ್ಕ ಸಾಲದೆ ನಿಂತೆ. ಒಂದು ತಿಂಗಳು ಇಲ್ಲಿ ದುಡದು, ಫೆಬ್ರುವರಿ ಹತ್ತಕ್ಕ ರೈಲು ಹತ್ತತೀನಿ. ಇದು ಪಕ್ಕಾ.

ಕೆಲಸ ಸಿಕ್ಕಿದ್ದು ಶಹಾಬಜಾರದಾಗ, ಮಸ್ತಾನಬಿ ಅನ್ನೋ ಮುದುಕಿ ತಬೇಲಾದಾಗ. ಏಳು ಎಮ್ಮಿ. ಮುದುಕಿಗೆ ಎರಡೂ ಕಣ್ಣಾಗ ಮೋತಿಬಿಂದು, ನಾಕು ವರ್ಷದ ಹಿಂದ ಸೊಂಟ ಮುರದು ಹೊರಸು ಹಿಡದಾಳ. ಕಿವಿ ಮಾತ್ರ ಬೆಕ್ಕಿಂದು. ನಾ ಹೋಗಿ ನಿಂತ್ರ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. “ನಡಿ” ಅಂದ್ಳು. ಅಂಗಳದಾಗ ಆ ಕಡಿ ಈ ಕಡಿ ನಡದೆ.

“ಹಿಂಬಡ ನೆಲಕ್ಕ ಹತ್ತವಲ್ದು ರೇ ನಿಂದು. ಓಡಿ ಹೋಗಾಂವ ನಡದಂಗ ನಡೀತಿ.”

“ಒಂದು ತಿಂಗಳು ಇರ್ತೀನ್ರಿ” ಅಂದೆ.

“ಅದೂ ಕೇಳ್ತು” ಅಂದ್ಳು.

೧೧ ಜನವರಿ, ಶುಕ್ರವಾರ

ಈ ಕೆಲಸ ಏನಂತ ಊರಾಗ ಯಾರಿಗರೆ ಹೇಳಿದ್ರ ನಂಗ ಮದುವಿಗೆ ಹೆಣ್ಣು ಸಿಗಂಗಿಲ್ಲ.

ಎಮ್ಮಿಗೆ ಹಾಲು ಕೆಚ್ಚಲದಾಗಿಲ್ಲ, ಕಾಲಾಗ ಅದ ಅಂತಾಳ ಮುದುಕಿ. ಕಾಲು ನೊಂದ್ರ ಎಮ್ಮಿ ಎದ್ದು ಹೋಗಿ ತಿನ್ನಂಗಿಲ್ಲ, ತಿನ್ನಲಿಲ್ಲಂದ್ರ ಹಾಲಿಲ್ಲ. ಅದಕ ದಿನಾ ಮುಂಜಾನೆ ಏಳೂ ಎಮ್ಮಿ ಹ್ಯಾಂಗ ನಡೀತಾವ ನೋಡಿ ಮುದುಕಿಗೆ ವರದಿ ಕೊಡಬೇಕು. ನೋಡ್ದೆ, ಬಂದು ಹೇಳ್ದೆ: “ಎಲ್ಲಾ ಚಂದ ನಡ್ಯಾಕತ್ತಾವ್ರಿ.”

“ನಿನಕಿಂತ ಮೊದಲಿದ್ದಾಂವನೂ ಹಿಂಗೇ ಅಂತಿದ್ದ. ಬಾಯಿಲೇ ಹೇಳಬ್ಯಾಡ. ಕಾಲಿಲೇ ಹೇಳು.”

ಅಂದ್ರ, ಎಮ್ಮಿ ನಡದಂಗ ನಾ ಅಂಗಳದ ಫರಸಿ ಕಲ್ಲಿನ ಮ್ಯಾಲ ನಡೀಬೇಕು, ಅಕಿ ಕಣ್ಣು ಮುಚ್ಚಿ ಕೇಳಬೇಕು. ಮನಿ ಬಾಗಲಾ ಸಣ್ಣದು, ಎಮ್ಮಿ ಒಳಗ ಬರಂಗಿಲ್ಲ. ಸರಿ, ತಾಲೂಕದಾರ್ನಿ ಅನ್ನೋ ಎಮ್ಮಿಯಂಗ ನಡದೆ. (ಸರಕಾರ ಬದಲಾಗಿ ತಾಲೂಕದಾರ ಹೋಗಿ ಕಲೆಕ್ಟರ್ ಬಂದ, ಎಮ್ಮಿ ಹೆಸರು ಬದಲಾಗಿಲ್ಲ. ಹೊಟ್ಟಿ ಮುಂದ ಮಾಡಿ ತಡಾ ಮಾಡಿ ಬರ್ತದ.)

“ಎರಡು ಕಾಲಿನ ಎಮ್ಮಿ ಎಲ್ಲಿ ನೋಡಿ?” ಅಂದ್ಳು ಮುದುಕಿ. “ಸಾಬಮ್ಮನ್ನ ಕರಿ.”

ಸಾಬಮ್ಮ ಹಾಲು ಹಿಂಡಾಕಿ, ಹೆಂಡಿ ಬಳಿಯಾಕಿ, ನಮ್ಮವ್ವನ ವಯಸ್ಸು. ಬಂದು ನನ್ನ ಹಿಂದ ನಿಂತು ಸೊಂಟ ಹಿಡಕೊಂಡ್ಳು. ನಾ ಮುಂದಿನ ಕಾಲು, ಅಕಿ ಹಿಂದಿನ ಕಾಲು. ಏಳು ಎಮ್ಮಿ, ಏಳು ಸುತ್ತು.

“ನಾಕು ವರ್ಷದಿಂದ ಹಿಂದಿನ ಕಾಲೇ ಆಗೀನಿ” ಅಂತ ನನ್ನ ಬೆನ್ನಿಗೆ ಹೇಳಿದ್ಳು. “ಒಂದು ದಿನರೆ ಮುಂದ ಬಿಟ್ಟಿಲ್ಲ.”

೧೫ ಜನವರಿ, ಮಂಗಳವಾರ

ಎಮ್ಮಿ ಊರಾಗಿನ ಅಪ್ಪನ ಕೆರ್ಯಾಗ ಬಿದ್ದಾವ. ಎರಡು ತಾಸು ಏಳಂಗಿಲ್ಲ. ಇದೇ ಬರಿಯೋ ಟೈಮು.

ಕಣ್ಣು ಕೆಟ್ಟಾವ ನಂದು. ಈಗ ಮಂದಿ ಮಾರಿ ಕಾಣಂಗಿಲ್ಲ, ಬರೇ ಕಾಲು ಕಾಣತಾವ. ಗುಡಿ ಸಾಲಿ ಮಾಸ್ತರ ಎಡಗಾಲು ಎಳೀತಾನ. ನಾಕಾ ಪೊಲೀಸ ಬೆರಳಿನ ಮ್ಯಾಲ ನಡೀತಾನ, ಗೊರಸು ಬೆಳದಿರಬೇಕು. ಎಲೆಕ್ಷನ್ ಅಂತ ಗ್ವಾಡಿ ಮ್ಯಾಲ ಜೋಡೆತ್ತು ಬರದಾರ. ಬಲಗಡೆ ಎತ್ತಿನ ಹಿಂದಿನ ಕಾಲು ಬರದಾಂವ ಎತ್ತು ನೋಡಿಲ್ಲ. ಆ ಎತ್ತು ಎರಡು ಹೆಜ್ಜಿ ನಡಿಯಂಗಿಲ್ಲ. ನಿಂತು ಒಬ್ಬಾಂವಗ ಹೇಳಿದೆ. ಅಂವ ನನ್ನ ಯಾವ ಪಾರ್ಟಿ ಅಂತ ಕೇಳಿದ. ತಬೇಲಾ ಪಾರ್ಟಿ ಅಂದೆ.

ಹತ್ತನೇ ತಾರೀಖಿಗೆ ಇನ್ನ ಇಪ್ಪತ್ತಾರು ದಿನ.

೧೯ ಜನವರಿ, ಶನಿವಾರ

ಏಳರಾಗ ಬೇಗಮ್ ಅಂತ ಒಂದು ಎಮ್ಮಿ ಅದ. ಕೊಂಬು ಒಂದು ಮ್ಯಾಲ, ಒಂದು ತೆಳಗ. ಮುದುಕಿ ಅದರ ಹೆಜ್ಜಿ ಬಂದಾಗ ಉಸಿರು ಹಿಡದು ಕೇಳ್ತಾಳ, ಉಳದ ಆರಕ್ಕ ಎಲಿ ಅಡಕಿ ಹಾಕ್ಕೋತಾಳ. ಯಾಕಂತ ಸಾಬಮ್ಮನ್ನ ಕೇಳಿದೆ.

ಪೊಲೀಸ್ ಆಕ್ಷನ್ ವರ್ಷ, ಹಳೇ ಸರಕಾರ ಬಿದ್ದಾಗ, ಇಪ್ಪತ್ತು ಎಮ್ಮಿ ಇದ್ವಂತ. ಗದ್ದಲದಾಗ ತಬೇಲಾ ಬಾಗಲಾ ಮುರದು ಎಲ್ಲಾ ಹೋದ್ವು. ಮುದುಕಿ ಗಂಡ ಹುಡುಕಾಕ ಹೋದ. ಮೂರು ದಿನ ಆದ ಮ್ಯಾಲ ಈಕಿ ಒಳಗ ಕುಂತಾಕಿ ಗಲ್ಯಾಗ ಹೆಜ್ಜಿ ಕೇಳಿ “ಬೇಗಮ್ ಬಂದ್ಳು” ಅಂದ್ಳಂತ. ಖರೇನೇ, ಕೋಟನೂರ ಕಡಿಂದ ತಾನೇ ನಡಕೊಂಡು ಬಂದಿತ್ತು.

“ಎಮ್ಮಿ ಬಂತು” ಅಂದ್ಳು ಸಾಬಮ್ಮ. “ಮುದುಕ ಬರಲಿಲ್ಲ.”

ಆಮ್ಯಾಲ ಸೆಗಣಿ ಬಳ್ಯಾಕ ಹೋದ್ಳು.

೨೨ ಜನವರಿ, ಮಂಗಳವಾರ

ಪಗಾರದಾಗ ಮುಂಗಡ ಇಸಕೊಂಡು ಬೂಟು ತಗೊಂಡೆ. ಮಿಲಿಟರಿ ಬೂಟು, ಕರೇವು, ಮಿಂಚ್ತಾವ. ಸೋಲಾಪುರದಾಗ ಬರಿಗಾಲಿಲೆ ಹೋದ್ರ ಗಿರಣಿ ಬಾಗಲಾದಾಗೇ ಹೊರಗ ಹಾಕ್ತಾರಂತ ಬಜಾರದಾಂವ ಹೇಳಿದ. ಅಂವ ಬೂಟು ಮಾರಾಂವ, ಅಂವಗ ಗೊತ್ತಿರ್ತದ. ಎಡಗಡಿದು ಜರಾ ಬಿಗಿ. ಹಾಕ್ಕೋತ ಹಾಕ್ಕೋತ ಸಡಲ ಆಗತದಂತ. ಅದಕ ದಿನಾ ಹಾಕ್ಕೊಂಡೇ ಕೆಲಸ ಮಾಡ್ತೀನಿ.

೨೩ ಜನವರಿ, ಬುಧವಾರ

ಮುದುಕಿ ಗಾಬರಿ ಆಗ್ಯಾಳ. ತಾಲೂಕದಾರ್ನಿಗೆ ಮುಂದಿನ ಎಡಗಾಲು ನೊಂದದ ಅಂತಾಳ. ಹೋಗಿ ನೋಡ್ದೆ, ನಂಗೇನೂ ಕಾಣಲಿಲ್ಲ. ಅಕಿ ಅಂದಾಳಂದ್ರ ಇರಬೇಕು.

೨೪ ಜನವರಿ, ಗುರುವಾರ

ಗುಲಾಬಿ ಅನ್ನೋ ಎಮ್ಮಿಗೂ ಎಡಗಾಲಂತ. ಕಾಶಿಗೂ.

೨೫ ಜನವರಿ, ಶುಕ್ರವಾರ

ಏಳಕ್ಕ ಏಳೂ. ಎಲ್ಲಾವಕೂ ಮುಂದಿನ ಎಡಗಾಲೇ. ಇಂಥಾ ರೋಗ ಹುಟ್ಟಿದಾಗಿಂದ ಕೇಳಿಲ್ಲ ಅಂತಾಳ ಮುದುಕಿ. ಅಕಿ ದುಃಖ ನೋಡಿ ನನಗೂ ಊಟ ಹೋಗಲಿಲ್ಲ. ಅದೂ ಅಲ್ದೆ ನನ್ನ ಎಡಗಾಲು ಬ್ಯಾರೆ ಭಾಳ ನೋಯಾಕತ್ತದ. ಎಮ್ಮಿದು ಹತ್ತಿರಬೇಕು.

೨೮ ಜನವರಿ, ಸೋಮವಾರ

ಮುದುಕಿ ಹೇಳಿದಂಗ ಮೈಲುತುತ್ತ ಕಲಸಿದ ನೀಲಿ ನೀರಾಗ ಏಳೂ ಎಮ್ಮಿ ಎಡಗಾಲು ತೊಳದು, ಬೇವಿನ ಸೊಪ್ಪು ಅರದು ಮೆತ್ತಿ, ಕೆಂಪು ಅರಬಿ ಪಟ್ಟಿ ಕಟ್ಟಿದ್ವಿ. ಪಟ್ಟಿಗೆ ಸಾಬಮ್ಮನ ಹಳೇ ಸೀರಿ ಹರದ್ವಿ. ಏಳು ಎಮ್ಮಿ, ಏಳು ಕೆಂಪು ಕಾಲು, ಸಾಲಾಗಿ ಗಲ್ಯಾಗ ಕೆರಿಗೆ ಹೊಂಟ್ವು. ಮಂದಿ ಬಾಗಲಾಗ ಬಂದು ನಿಂತು ನೋಡಿದ್ರು.

ಶಹಾಬಜಾರದಾಗ ಎಮ್ಮಿ ಮಾತು ಬಂದ್ರ ಮಸ್ತಾನಬಿ ಹೇಳಿದ್ದೇ ಕಡಿ ಮಾತು. ಸಂಜಿಕ್ಕ ಬಾಜೂ ಮನಿ ಹಣಮಂತರಾಯನ ಎರಡು ಆಕಳಿಗೆ ಕೆಂಪು ಪಟ್ಟಿ ಬಿದ್ದಿತ್ತು, ಎಡಗಾಲಿಗೆ. ಹಿಂದಿನ ಮನಿ ಚಾಂದಬಿ ತನ್ನ ಆಡಿಗೂ ಕಟ್ಟ್ಯಾಳ.

“ಯಾವ ರೋಗ ಇದು?” ಅಂತ ನನ್ನ ಹತ್ತು ಮಂದಿ ಕೇಳಿದ್ರು.

“ಹೊಸಾದು” ಅಂದೆ.

“ಹೊಸಾ ಸರಕಾರದ್ದೇನು?” ಅಂತ ಒಬ್ಬಾಂವ ಕೇಳಿದ.

ಟಾಂಗಾದಾಂವ ಕುದರಿ ಕಾಲಿಗೆ ಕಟ್ಟಿಕೊಂಡು ಟೇಶನ್ನಿಗೆ ಹೋಗ್ಯಾನ. ಈಗ ಕಲಬುರ್ಗಿ ತುಂಬ ಎಡಗಾಲಿನ ಬ್ಯಾನಿ.

೩೧ ಜನವರಿ, ಗುರುವಾರ

ಇವತ್ತಿಂದು ಬರ್ಯಾಕ ಕೈ ಬರವಲ್ದು.

ಎಡಗಾಲಿಗೆ ಬೊಬ್ಬಿ ಬಂದು ಒಡದು ಬೂಟು ಹಾಕ್ಯಾಕ ಆಗಲಿಲ್ಲ. ಬರಿಗಾಲಿಲೆ ಅಂಗಳಕ್ಕ ಹೋದೆ. ಸಾಬಮ್ಮ ಹಿಂದ ಹಿಡಕೊಂಡ್ಳು. ತಾಲೂಕದಾರ್ನಿ ನಡದ್ವಿ, ಗುಲಾಬಿ ನಡದ್ವಿ, ಕಾಶಿ ನಡದ್ವಿ.

“ನಿಲ್ಲು” ಅಂದ್ಳು ಮಸ್ತಾನಬಿ. “ಇವತ್ತು ಎಲ್ಲಾ ಎಮ್ಮಿ ಒಮ್ಮೆಲೇ ಆರಾಮ ಆದ್ವು, ಕೈಕು ರೇ?”

“ಔಷಧ ಹತ್ತಿರಬೇಕ್ರಿ.”

“ಬೂಟು ಎಲ್ಲಿ?”

ಬೂಟಿನ ಸುದ್ದಿ ಅಕಿಗೆ ನಾ ಹೇಳೇ ಇರಲಿಲ್ಲ. ಠಕ್ ಠಕ್ ಕೇಳಿ ಅಕಿ ಅದನ್ನ ಗೊರಸು ಅನ್ಕೊಂಡಾಳ, ಗೊರಸು ಬಿರುಸು ಆಗ್ಯಾವ ಅಂತ. ಈಗ ತಿಳೀತು ಅಕಿಗೆ. ಎಂಟು ದಿನ ಏಳು ಎಮ್ಮಿ ಕಾಲಾಗ ನನ್ನ ಬೂಟೇ ಕುಂಟಿತ್ತು.

ಬೈತಾಳ ಅನ್ಕೊಂಡೆ. ಬೈಲಿಲ್ಲ. ಅದೇ ಕೆಟ್ಟ. “ಬೇಗಮ್ ನಡಿ” ಅಂದ್ಳು. ನಡದ್ವಿ. ಮುಂದಿನ ಕಾಲಾಗ ಕುಂಟು ಏನೂ ಇರಲಿಲ್ಲ. ಹಿಂದ ಸಾಬಮ್ಮ ತಾ ಮುಂಜಾನೆ ನೋಡಿದಂಗೇ ಬಲಗಾಲು ಎತ್ತಿ ಎತ್ತಿ ಇಟ್ಳು.

“ಸಾಬಮ್ಮ, ಇದು ಯಾವಾಗಿಂದ?”

“ನಾಕು ದಿನದಿಂದ ಹಿಂಗೇ ಇಡಾಕತ್ತೀನ್ರಿ. ನೀವು ಬರೇ ಮುಂದಿಂದು ಕೇಳ್ತಿದ್ರಿ.”

ಓಡಿ ಹೋಗಿ ನೋಡ್ದೆ. ಬೇಗಮ್ ಹಿಂದಿನ ಬಲಗಾಲಿನ ಗೊರಸಿನ ಸಂದ್ಯಾಗ ಕೀವು. ಚಂದಾಗಿರೋ ಎಡಗಾಲಿಗೆ ಕೆಂಪು ಪಟ್ಟಿ.

೧ ಫೆಬ್ರುವರಿ, ಶುಕ್ರವಾರ

ಎತ್ತಿಗೆ ಲಾಳ ಬಡಿಯೋ ನಬಿಸಾಬ್ ಬಂದ. ಬೆಳದ ಗೊರಸು ಕೆತ್ತಿದ, ಕೀವು ಹಿಂಡಿದ. “ಈ ಎಮ್ಮಿ ಎಲ್ಲಿ ನಿಲ್ತದ?” ಅಂದ. ತೋರಿಸ್ದೆ. ಮೋರಿ ಬಾಯಾಗ, ಫರಸಿ ಮ್ಯಾಲ, ಹಗಲೆಲ್ಲಾ ಹಸಿ. “ನೀ ಎಂಟು ದಿನ ರಾಡ್ಯಾಗ ನಿಂತು ನೋಡು” ಅಂದ. ಗೊರಸು ಒಣಗಬೇಕು, ತೆಳಗ ಮೆತ್ತನ ಒಣ ಮಣ್ಣು ಬೇಕು, ಕಾಲಿಗೆ ನೀರು ಹತ್ತಬಾರದು.

ಅಷ್ಟರಾಗ ಮೈಬೂಬ ಬಂದ. ಮುದುಕಿ ಗಂಡನ ಅಣ್ಣನ ಮಗ, ತಬೇಲಾದ ಯವಾರ ಅಂವಂದೇ. ಕೆಟ್ಟಾಂವ ಅಲ್ಲ. ನಡೀವಾಗ ಎರಡೂ ಕಾಲು ಸಮ ಇಡ್ತಾನ.

“ಚಾಚಿ, ಬೇಗಮ್ ಹಾಲು ಅರ್ಧಕ್ಕ ಬಂದದ. ಹತ್ತನೇ ತಾರೀಖಿಗೆ ವ್ಯಾಪಾರಿ ಬರ್ತಾನ. ಕೊಟ್ಟುಬಿಡೋಣು.”

ಕುಂಟೆಮ್ಮಿ ವ್ಯಾಪಾರಿ ಯಾತಕ್ಕ ಒಯ್ತಾನ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತದ.

ಮಸ್ತಾನಬಿ ಬಾಯಾಗಿನ ಎಲಿ ಅಡಕಿ ಉಗಳಿದ್ಳು. ಆಮ್ಯಾಲ ಅಂದ್ಳು: “ನೋವಿನ್ಯಾಗ ಇಟ್ಟು ಸಾಕೋದು ನನಗೂ ಬ್ಯಾಡ. ಹತ್ತಕ್ಕ ಇವರಿಬ್ಬರು ಬೇಗಮ್ ನಡೀಲಿ, ನಾ ಕೇಳ್ತೀನಿ. ಆ ಕಾಲು ನೆಲಕ್ಕ ಊರಲಿಲ್ಲಂದ್ರ ಒಯ್ಯಿ.”

ಹತ್ತಕ್ಕ ನನ್ನ ರೈಲು ಮಧ್ಯಾಹ್ನಕ್ಕದ. ಅಕಿ ಮುಂಜಾನೆ ಕೇಳ್ತಾಳ. ಎರಡೂ ಆಗತಾವ.

೩ ಫೆಬ್ರುವರಿ, ಭಾನುವಾರ

ಪಟ್ಟಿ ಕಟ್ಟಿದ್ರ ಒಂದು ತಾಸಿನ್ಯಾಗ ಹಸಿ. ತೊಗಲು ಬೇಕು ಅಂದ ನಬಿಸಾಬ್. ಊರೆಲ್ಲಾ ತೊಗಲು ಹುಡುಕಿದೆ. ಆಮ್ಯಾಲ ಮನಿಗೆ ಬಂದು ಕುಂತು ನೋಡ್ದೆ, ಎದುರಿಗೇ ಮಿಂಚಾಕತ್ತಾವ.

ಎಡಗಡಿದು ಕೊಯ್ದೆ. ಹ್ಯಾಂಗೂ ಅದು ನಂಗ ಕಚ್ಚತಿತ್ತು. ಮೂಗು ಹಾರಿಸಿ ಬಾಯಿ ಸೀಳಿದ್ರೂ ಸಾಲಲಿಲ್ಲ, ಬೇಗಮ್ ಕಾಲು ಅಗಲ. ಬಲಗಡಿದೂ ಕೊಯ್ದು ಎರಡೂ ಕೂಡಿಸಿ ಹೊಲದು ದಾರ ಕಟ್ಟಿದೆ. ಎರಡು ಬೂಟಿಂದು ಒಂದು ಬೂಟು. ನಬಿಸಾಬ್ ನೋಡಿ, “ಸೋಲಾಪುರಕ್ಕ ಯಾರು ಹೊಂಟಾರ, ನೀನೋ ಇದೋ?” ಅಂದ.

ಬೇಗಮ್ ಬೂಟು ಹಾಕ್ಕೊಂಡು ಗಲ್ಯಾಗ ನಾಕು ಹೆಜ್ಜಿ ಇಟ್ಟಿದ್ದೇ ತಡ, ಹಣಮಂತರಾಯ ಓಡಿ ಬಂದು ಅಂಥಾ ಬೂಟು ಯಾವ ಅಂಗಡ್ಯಾಗ ಸಿಗತದ ಅಂತ ಕೇಳಿದ. ಅಂವನ ಆಕಳಿಗೆ ಇನ್ನ ಕೆಂಪು ಪಟ್ಟಿ ಅದ. ಬಿಚ್ಚಪ್ಪಾ ಅಂದ್ರ ಬಿಚ್ಚವಲ್ಲ. ಪಟ್ಟಿ ಕಟ್ಟಿದ ಮ್ಯಾಲ ಹಾಲು ಜಾಸ್ತಿ ಆಗ್ಯಾದಂತ.

೬ ಫೆಬ್ರುವರಿ, ಬುಧವಾರ

ಮೋರಿ ಬಾಯಾಗಿನ ಫರಸಿ ನಾನೂ ಸಾಬಮ್ಮನೂ ಕಿತ್ತಿದ್ವಿ. ತೆಳಗ ಮಣ್ಣು ಹಾಕಬೇಕು. ಕಲಬುರ್ಗಿ ಮಣ್ಣು ಕರೀದು, ನೀರು ಬಿದ್ರ ಅಂಟು, ಗೊರಸಿನ ಸಂದ್ಯಾಗ ಹೊಕ್ಕು ಕುಂಡ್ರತದ. ಒಣ ಕೆಂಪು ಮಣ್ಣು ಎಲ್ಲದ ಅಂತ ಎಲ್ಲರೂ ತಲಿ ಕೆರಕೊಂಡ್ರು. ನನಗ ಗೊತ್ತಿತ್ತು. ಹೇಳಬಾರದು ಅಂತ ಸುಮ್ಮ ಕುಂತಿದ್ದೆ. ಆಮ್ಯಾಲ ಬೇಗಮ್ ಕಾಲು ಎತ್ತಿ ನಿಂತದ್ದು ನೋಡಿ ಹೇಳೇಬಿಟ್ಟೆ.

ಖಾಲಿ ಬಾಳಿಹಣ್ಣಿನ ಬಂಡಿ ಹತ್ತಿ ನಿನ್ನೆ ಕಮಲಾಪುರಕ್ಕ ಹೋದೆ. ಯಾರೂ ನೋಡಬಾರದಂತ ತಲಿಮ್ಯಾಲ ಟವೆಲ್ ಹಾಕ್ಕೊಂಡಿದ್ದೆ. ನಮ್ಮ ಮನಿ ಹಿಂದಿನ ದಿನ್ನ್ಯಾಗ ಅಗಿಯಾಕತ್ತಿದ್ರ ಅವ್ವ ಬಂದು ನಿಂತ್ಳು.

“ಗಿರಣಿ ಸಾಹೇಬ್ರು ಬಂದ್ರೇನು?”

“ಮಣ್ಣು ಒಯ್ಯಾಕ ಬಂದೀನವ್ವ.”

“ಸೋಲಾಪುರದಾಗ ಮಣ್ಣಿಲ್ಲಾ?”

“ಎಮ್ಮಿಗೆ.”

ಅವ್ವ ನನ್ನ ಹಣಿ ಮುಟ್ಟಿ ನೋಡಿದ್ಳು. ಜ್ವರ ಇರಲಿಲ್ಲ. ರೊಟ್ಟಿ ಉಣಿಸಿ, ಚೀಲದ ಬಾಯಿ ತಾನೇ ಹೊಲದು ಕೊಟ್ಳು. ಎಂಟು ಚೀಲ. ಇವತ್ತು ಕೆಂಪು ಬಾಳಿಹಣ್ಣಿನ ನಡುವ ಮಣ್ಣಿಟ್ಟುಕೊಂಡು ವಾಪಸ ಬಂದೆ. ನಾಕಾದಾಗ ಪೊಲೀಸ ತಡದು ಚೀಲಕ್ಕ ಕೋಲು ಚುಚ್ಚಿ ನೋಡಿದ. ಮಣ್ಣಿನ ತೆಳಗ ಏನದ ಅಂದ. ಮಣ್ಣು ಅಂದೆ. ಎಂಟೂ ಚೀಲ ಚುಚ್ಚಿದ, ಎಂಟೂ ಚೀಲದಾಗ ಮಣ್ಣೇ. ಅಂವಗ ಭಾಳ ಬ್ಯಾಸರ ಆತು. ಅಂವನ ಕಾಲಿನ ಬಗ್ಗೆ ನಾ ಏನೂ ಅನಲಿಲ್ಲ.

ಹೊಸಾ ಮಣ್ಣಿನ ಮ್ಯಾಲ ಬೇಗಮ್ ಮೂಸಿ ಮೂಸಿ ನೋಡಿ, ಮಲಗಿದ್ಳು.

೮ ಫೆಬ್ರುವರಿ, ಶುಕ್ರವಾರ

ಇವತ್ತು ಎದ್ದು ತಾನೇ ಮೇವಿನ ತನಕ ಹೋದ್ಳು. ಬರ್ಯಾಕ ಬ್ಯಾರೆ ಏನಿಲ್ಲ.

೧೦ ಫೆಬ್ರುವರಿ, ಭಾನುವಾರ

ವ್ಯಾಪಾರಿ ಜಲ್ದಿ ಬಂದ. ಮೈಬೂಬ, ನಬಿಸಾಬ್, ಹಣಮಂತರಾಯ ಎಲ್ಲಾ ಅಂಗಳದಾಗ. ಮೊದಲ ಗಲ್ಯಾಗ ಬೂಟು ಬಿಚ್ಚಿ ಬೇಗಮ್ಮನ್ನ ನಡಸಿ ನೋಡ್ದೆ. ಚಂದ ನಡದ್ಳು. ಪೂರಾ ಚಂದ ಅಲ್ಲ. ಹಿಂದಿನ ಬಲಗಾಲು ಒಂದೀಟು ತಡಾ.

“ಸುಳ್ಳು ನಡಿಯೋಣು” ಅಂದ್ಳು ಸಾಬಮ್ಮ, ಮೆಲ್ಲಗ.

“ಹೂಂ” ಅಂದೆ.

ಮಸ್ತಾನಬಿ ಅಮ್ಮ ಹೊರಸಿನ ಮ್ಯಾಲ ಎದ್ದು ಕುಂತಿದ್ಳು. ಎಲಿ ಅಡಕಿ ಇಲ್ಲ. ಸಾಬಮ್ಮ ನನ್ನ ಸೊಂಟ ಹಿಡದ್ಳು. ಹೊಂಟ್ವಿ.

ಖರೇ ಹೇಳ್ತೀನಿ, ನಾನೂ ಸುಳ್ಳೇ ನಡೀಬೇಕಂತ ಹೊಂಟಿದ್ದೆ. ಕಾಲು ಕೇಳಲಿಲ್ಲ. ಹಿಂದಿನ ಕಾಲು ನೊಂದ್ರ ಎಮ್ಮಿ ಭಾರ ಎಲ್ಲಾ ಮುಂದ ಹಾಕತದ, ಹೆಜ್ಜಿ ಗಿಡ್ಡ ಇಡತದ. ಒಂದು ತಿಂಗಳು ಎಮ್ಮಿ ನೋಡಿ ಹಂಗೇ ನಡದು ಚಟ ಬಿದ್ದುಬಿಟ್ಟದ. ಭಾರ ತಾನೇ ಮುಂದ ಬಂತು.

“ನಿಲ್ರಿ” ಅಂದ್ಳು ಅಮ್ಮ. “ಎಂಥಾ ಎಮ್ಮಿ ಇದು? ಮುಂದಿನ ಅರ್ಧ ಹೊರಿ ಹೊತ್ತದ, ಹಿಂದಿನ ಅರ್ಧ ಮದುವಿಗೆ ಹೊಂಟದ.”

ಎಲ್ಲರೂ ಸಾಬಮ್ಮನ್ನ ನೋಡಿದ್ರು.

“ಸಾಬಮ್ಮ.”

“ರೀ.”

“ನಾಕು ವರ್ಷ ನನಗ ಒಂದು ಹೆಜ್ಜಿ ಸುಳ್ಳು ಇಟ್ಟಿಲ್ಲ ನೀನು.”

ಸಾಬಮ್ಮ ಸೆರಗಿಲೇ ಮೂಗು ಒರಸಕೊಂಡ್ಳು. ಮತ್ತ ಹೊಂಟ್ವಿ. ಈ ಸಲ ಅಕಿ ಬಲಗಾಲು ತಡಾ ಮಾಡಿ ಇಟ್ಳು, ಬೇಗಮ್ ಇಟ್ಟಂಗೇ. ನನ್ನ ಬೆನ್ನ ಮ್ಯಾಲ ಅಕಿ ಕಣ್ಣೀರು ಬಿತ್ತು, ಇಲ್ಲಾ ಮೂಗಿಂದು ಇರಬೇಕು. ಮೂರು ಸುತ್ತು.

“ತಡಾ ಇಡ್ತಾಳ” ಅಂದ್ಳು ಅಮ್ಮ.

ಮೈಬೂಬ ತಲಿ ತೆಳಗ ಹಾಕಿದ.

“ಆದ್ರ ಪೂರಾ ಇಡ್ತಾಳ. ನೋಯ್ತದ ಅಂತ ಎತ್ತಿ ಹಿಡಿಯಾಕತ್ತಿಲ್ಲ, ಮರತು ತಡಾ ಮಾಡಾಕತ್ತಾಳ. ನೆಲ ನಂಬ್ಯಾಳ. ಇನ್ನ ಎಂಟು ದಿನಕ್ಕ ಸೀದಾ ಆಗ್ತಾಳ. ಒಯ್ಯೋದು ನಕ್ಕೋ, ಬ್ಯಾಡ.”

“ನಾ ಎಮ್ಮಿ ವ್ಯಾಪಾರಕ್ಕ ಬಂದೀನೋ, ಬಯಲಾಟ ನೋಡಾಕ ಬಂದೀನೋ?” ಅಂದ ವ್ಯಾಪಾರಿ. “ಎಮ್ಮಿ ಹೊರಗ ನಿಂತದ, ಇಲ್ಲಿ ಈ ಹೆಂಗಸಿನ ಕಾಲು ನೋಡಿ ಸೌದಾ ಮುರೀತೀರಿ.”

ಮೈಬೂಬ ನಕ್ಕ. ಚಾಚಿ ಎದುರಿಗೆ ನಗಬಾರದಂತ ಬಾಯಿ ಮುಚ್ಚಿ, ಆಮ್ಯಾಲ ಬಿಟ್ಟು ನಕ್ಕ. ವ್ಯಾಪಾರಿಗೆ ಚಹಾ ಕುಡಿಸಿ ಕಳಿಸಿದ. ಹಾಲು ಬೇಗಮ್ಮಂದು.

ಈ ಗದ್ದಲದಾಗ ರೈಲು ಹೋತು. ಸಿಳ್ಳಿ ಕೇಳ್ತು, ಆದ್ರ ಆವಾಗ ನಾ ಬೇಗಮ್ ಕಾಲಿಗೆ ಬೂಟು ಕಟ್ಟಾಕತ್ತಿದ್ದೆ, ನಡುವ ಬಿಡಾಕ ಬರಂಗಿಲ್ಲ. ಇರಲಿ. ಮುಂದಿನ ತಿಂಗಳು ಹತ್ತಕ್ಕ ಪಕ್ಕಾ.

೧೮ ಫೆಬ್ರುವರಿ, ಸೋಮವಾರ

ಬೇಗಮ್, ನಾಕೂ ಕಾಲು ಸರಿ. ಇದು ಮುಂದಿನ ಕಡಿ ಬರಿಯೋದು, ಖುಷಿಗೆ ಇಲ್ಲೂ ಬರದೆ.

ಹಣಮಂತರಾಯ ತನ್ನ ಆಕಳಿಗೆ ಬೂಟು ಹೊಲಿಸ್ಯಾನ. ನಾಕು.

೧೦ ಮಾರ್ಚ್, ಸೋಮವಾರ

ಪುಟ ಮುಗದ್ವು. ಮುಂದಿನ ಕಡಿಂದ ಎಮ್ಮಿ, ಹಿಂದಿನ ಕಡಿಂದ ನಾ, ಎದುರಾ ಬದುರಾ ಬಂದು ನಿಂತೀವಿ. ಮ್ಯಾಲಿನ ಅರ್ಧದಾಗ ಕಾಶಿ ಗೊರಸು ಬೆಳದದ ಅಂತದ, ತೆಳಗಿನ ಅರ್ಧದಾಗ ಇದು. ಹೊಸಾ ಬುಕ್ಕು ತರಬೇಕು. ದಪ್ಪಂದು ತರಬೇಕು, ನಮ್ಮ ತಾಲೂಕದಾರ್ನಿ ಮುಂದಿನ ತಿಂಗಳು ಈಯ್ತಾಳ, ಕರಕ್ಕ ಬ್ಯಾರೆ ಪುಟ ಬೇಕಾಗತದ. ಉಳದ ಕಡಿ ಫರಸಿನೂ ಕಿತ್ತೀವಿ, ಅವ್ವಗ ಇನ್ನ ಹತ್ತು ಚೀಲ ಹೇಳಿ ಕಳಿಸೀನಿ.

ಇವತ್ತು ಏನೋ ತಾರೀಖಿತ್ತು, ನೆನಪಾಗವಲ್ದು.

ಒಂದು ಚಿಂತಿ ಅದ. ಮುಂಜಾನೆ ಹಾಲಿನ ಕೊಡ ಇಡಾಕ ಒಳಗ ಹೋದೆ. ಅಮ್ಮ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ಳು. ನನ್ನ ಹೆಜ್ಜಿ ಕೇಳಿ, “ಕೌನ್?” ಅಂದ್ಳು.

“ನಾನ್ರೀ ಅಮ್ಮಾ. ಮಾಪಣ್ಣ.”

“ನೀನಾ? ಹಿಂಬಡ ಊರಿದ ಹೆಜ್ಜಿ ಕೇಳಿ ಮನಿ ಮಂದಿ ಯಾರೋ ಬಂದ್ರು ಅನ್ಕೊಂಡೆ” ಅಂದ್ಳು. “ಇನ್ನೊಮ್ಮೆ ನಡಿ.”

ನಡದೆ. ಅಕಿ ನಕ್ಕು ಎಲಿ ಅಡಕಿ ಹಾಕ್ಕೊಂಡ್ಳು.

ಎರಡು ತಿಂಗಳು ದಿನಾ ಕೇಳಿದ ಹೆಜ್ಜಿ ಗುರುತು ಸಿಗಲಿಲ್ಲಂದ್ರ ಹ್ಯಾಂಗ? ಕಣ್ಣು ಹೋಗ್ಯಾವ, ಸೊಂಟ ಹೋಗ್ಯಾದ, ಈಗ ಕಿವಿನೂ ಹೊಂಟಾವ ಪಾಪ. ಸಾಬಮ್ಮಗ ಹೇಳಬೇಕು, ಇನ್ನ ಮುಂದ ಜರಾ ಜೋರಾಗಿ ನಡಿಯೋಣು ಅಂತ.